ಎಂಟು ಲಾಕ್, ಒಂದು ಸುರಂಗ, ಒಂದು ದಿನ: ಇಂಗ್ಲೆಂಡಿನ ಕಾಲುವೆಯಲ್ಲಿ ನೀವೇ ದೋಣಿ ನಡೆಸಿ

ಮಗನ ಮನೆಗೋ ಮಗಳ ಮನೆಗೋ ಎಂದು ಇಂಗ್ಲೆಂಡಿಗೆ ಹೋಗುವ ನಮ್ಮವರು ಲಂಡನ್ ನೋಡುತ್ತಾರೆ, ಸ್ಟೋನ್‌ಹೆಂಜ್ ನೋಡುತ್ತಾರೆ, ಪುರುಸೊತ್ತಿದ್ದರೆ ಎಡಿನ್‌ಬರೋವರೆಗೂ ಹೋಗಿಬರುತ್ತಾರೆ. ದಾರಿಯಲ್ಲಿ ರೈಲಿನ ಕಿಟಕಿಗೆ ಕಿರಿದಾದ ಕಾಲುವೆಯೊಂದು ಆಗಾಗ ಕಾಣಿಸಿ ಮರೆಯಾಗುತ್ತದೆ. ಅದರ ದಡದಲ್ಲಿ ಹೂವಿನ ಚಿತ್ತಾರದ ಉದ್ದನೆಯ ದೋಣಿಗಳು ಸಾಲಾಗಿ ನಿಂತಿರುತ್ತವೆ. ಚೆನ್ನಾಗಿದೆಯಲ್ಲ ಎಂದುಕೊಂಡು ಸುಮ್ಮನಾಗುತ್ತೇವೆ. ಆ ದೋಣಿಯನ್ನು ಬಾಡಿಗೆಗೆ ಪಡೆದು ನಾವೇ ನಡೆಸಬಹುದು, ಅದಕ್ಕೆ ಲೈಸೆನ್ಸ್ ಬೇಕಿಲ್ಲ, ಹಿಂದಿನ ಅನುಭವವೂ ಬೇಕಿಲ್ಲ ಎಂಬುದು ಹೆಚ್ಚಿನವರಿಗೆ ಗೊತ್ತಿಲ್ಲ. ಅಲ್ಲೇ ಕೆಲಸ ಮಾಡಿಕೊಂಡಿರುವ ನಮ್ಮ ಹುಡುಗರಿಗೂ ಗೊತ್ತಿರುವುದು ಕಡಿಮೆ.

ಬೇಕಾಗಿರುವುದು ಒಂದೇ, ಅವಸರ ಬಿಡುವ ಮನಸ್ಸು. ಕಾಲುವೆಯಲ್ಲಿ ಆಗುವ ಅನಾಹುತಗಳಲ್ಲಿ ಬಹುಪಾಲು ಅವಸರದಿಂದಲೇ ಆಗುವಂಥವು. ನೀರಿಗೆ ಅದರದೇ ಲೆಕ್ಕವಿದೆ. ಆ ಲೆಕ್ಕ ತಿಳಿದುಕೊಂಡರೆ ಅರವತ್ತು ದಾಟಿದವರೂ ಹತ್ತು ವರ್ಷದ ಮಕ್ಕಳೂ ಸೇರಿ ಇಡೀ ದಿನ ದೋಣಿ ನಡೆಸಬಹುದು.

ಈ ದೋಣಿಗಳಿಗೆ ನ್ಯಾರೋಬೋಟ್ ಎಂದು ಹೆಸರು. ಅಗಲ 2.08 ಮೀಟರ್, ಅಂದರೆ ಏಳು ಅಡಿಗೆ ಎರಡಂಗುಲ ಕಡಿಮೆ. ಉದ್ದ ಮಾತ್ರ 70 ಅಡಿಯವರೆಗೂ ಇರುತ್ತದೆ. 18ನೇ ಶತಮಾನದಲ್ಲಿ ಇಂಗ್ಲೆಂಡಿನ ಮಧ್ಯಭಾಗದಲ್ಲಿ ಕಾಲುವೆ ತೋಡಿಸಿದ ಜೇಮ್ಸ್ ಬ್ರಿಂಡ್ಲಿ ಎಂಬ ಎಂಜಿನಿಯರ್, ನೀರೂ ಹಣವೂ ಉಳಿಯಲೆಂದು, ದೋಣಿಯನ್ನು ಏರಿಸಿ ಇಳಿಸುವ ಲಾಕ್‌ಗಳನ್ನು ಏಳೇ ಅಡಿ ಅಗಲಕ್ಕೆ ಕಟ್ಟಿಸಿದ. ದೋಣಿಗಳು ಆ ಅಳತೆಗೇ ತಯಾರಾದವು. ದಡದ ಮೇಲೆ ನಡೆಯುವ ಒಂದು ಕುದುರೆ ಹಗ್ಗ ಕಟ್ಟಿಕೊಂಡು ಇಪ್ಪತ್ತೈದು ಟನ್ ಕಲ್ಲಿದ್ದಲನ್ನು ಎಳೆಯುತ್ತಿತ್ತು. ದೋಣಿಯ ಹಿಂಬದಿಯ ಪುಟ್ಟ ಕೋಣೆಯಲ್ಲಿ ಇಡೀ ಸಂಸಾರ ಬದುಕುತ್ತಿತ್ತು. ರೈಲು ಬಂತು, ಆಮೇಲೆ ಲಾರಿ ಬಂತು, ಸರಕು ಸಾಗಣೆ ನಿಂತುಹೋಯಿತು. ಇಂದಿನ ಬಾಡಿಗೆ ದೋಣಿಯಲ್ಲಿ ಡೀಸೆಲ್ ಎಂಜಿನ್, ಹಾಸಿಗೆ, ಅಡುಗೆಮನೆ, ಬಿಸಿನೀರಿನ ಸ್ನಾನದ ಕೋಣೆ ಎಲ್ಲ ಇರುತ್ತದೆ. ಕಾಲುವೆ ಮಾತ್ರ ಅಂದಿನದೇ.

ಯಾವ ಭಾಗಕ್ಕೆ ಹೋಗುವುದು

ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಕಾಲುವೆ ಹಾಗೂ ನದಿ ಸೇರಿ ಸುಮಾರು 2,000 ಮೈಲಿ ಜಲಮಾರ್ಗವನ್ನು ಕೆನಾಲ್ ಅಂಡ್ ರಿವರ್ ಟ್ರಸ್ಟ್ ಎಂಬ ಸಂಸ್ಥೆ 2012ರಿಂದ ನೋಡಿಕೊಳ್ಳುತ್ತಿದೆ. ಅಷ್ಟರಲ್ಲಿ ಮೊದಲ ಸಲದವರಿಗೆ ನಾನು ಹೇಳುವುದು ಗ್ರ್ಯಾಂಡ್ ಯೂನಿಯನ್ ಕಾಲುವೆಯ ಒಂದು ತುಂಡನ್ನು. ಮಿಲ್ಟನ್ ಕೀನ್ಸ್‌ಗೆ ಅಂಟಿಕೊಂಡ ವುಲ್ವರ್ಟನ್‌ನಿಂದ ಉತ್ತರಕ್ಕೆ ಹೊರಟು ಕಾಸ್‌ಗ್ರೋವ್, ಸ್ಟೋಕ್ ಬ್ರೂಅರ್ನ್, ಬ್ಲಿಸ್‌ವರ್ತ್ ದಾಟಿ ಗೇಟನ್‌ವರೆಗಿನ ದಾರಿ ಅದು. ಲಂಡನ್ನಿನ ಯೂಸ್ಟನ್ ನಿಲ್ದಾಣದಿಂದ ವುಲ್ವರ್ಟನ್‌ಗೆ ರೈಲಿದೆ. ದೂರ ಸುಮಾರು 11 ಮೈಲಿ. ಅಷ್ಟರಲ್ಲಿ ನದಿಯ ಮೇಲೆ ಹಾದುಹೋಗುವ ಕಬ್ಬಿಣದ ಮೇಲ್ಗಾಲುವೆ ಸಿಗುತ್ತದೆ, ಎಂಟು ಲಾಕ್ ಸಿಗುತ್ತವೆ, ಬ್ರಿಟನ್ನಿನಲ್ಲಿ ಈಗಲೂ ದೋಣಿ ಓಡುವ ಕಾಲುವೆ ಸುರಂಗಗಳಲ್ಲಿ ಮೂರನೆಯ ಅತಿ ಉದ್ದದ್ದೂ ಸಿಗುತ್ತದೆ.

ಸಮಯದ ಲೆಕ್ಕಕ್ಕೆ ದೋಣಿಯವರ ಸೂತ್ರವೊಂದಿದೆ: ಮೈಲಿಗಳನ್ನೂ ಲಾಕ್‌ಗಳನ್ನೂ ಕೂಡಿಸಿ ಮೂರರಿಂದ ಭಾಗಿಸಿ, ಬಂದದ್ದು ಗಂಟೆ. ಹನ್ನೊಂದು ಮತ್ತು ಎಂಟು ಸೇರಿ ಹತ್ತೊಂಬತ್ತು. ಆರು ಗಂಟೆ ಚಿಲ್ಲರೆ ಆಯಿತು. ಹೊಸಬರು ಇದಕ್ಕೆ ಊಟ, ವಸ್ತುಸಂಗ್ರಹಾಲಯ, ಲಾಕ್ ಎದುರಿನ ಕಾಯುವಿಕೆ ಎಲ್ಲ ಸೇರಿಸಿ ಎಂಟು ಗಂಟೆ ಇಟ್ಟುಕೊಳ್ಳಬೇಕು. ಬೆಳಿಗ್ಗೆ ಎಂಟೂವರೆಗೆ ಹಗ್ಗ ಬಿಚ್ಚಿದರೆ ಸಂಜೆ ಐದರ ಹೊತ್ತಿಗೆ ಗೇಟನ್ ತಲುಪಬಹುದು. ಬಾಡಿಗೆ ದೋಣಿಯನ್ನು ಕತ್ತಲಾದ ಮೇಲೆ ಓಡಿಸುವಂತಿಲ್ಲ.

ಒಂದೇ ದಿನಕ್ಕೆ ಬಾಡಿಗೆ ಕೊಡುವ ಸಣ್ಣ ದೋಣಿಗಳೂ ಉಂಟು. ಆದರೆ ಅವನ್ನು ಲಾಕ್ ದಾಟಿಸಲು ಹಲವು ಕಂಪನಿಗಳು ಬಿಡುವುದಿಲ್ಲ, ಸಂಜೆಯೊಳಗೆ ಹೊರಟ ಜಾಗಕ್ಕೇ ತರಬೇಕು. ಆದ್ದರಿಂದ ಶುಕ್ರವಾರದಿಂದ ಸೋಮವಾರ, ಇಲ್ಲವೇ ಸೋಮವಾರದಿಂದ ಶುಕ್ರವಾರದ ಬಾಡಿಗೆ ತೆಗೆದುಕೊಂಡು, ನಾನು ಹೇಳುವ ದಿನವನ್ನು ಅದರ ನಡುವೆ ಇಟ್ಟುಕೊಳ್ಳಿ. ಏಪ್ರಿಲ್‌ನಿಂದ ಅಕ್ಟೋಬರ್ ಸರಿಯಾದ ಕಾಲ. ಚಳಿಗಾಲದಲ್ಲಿ ಲಾಕ್‌ಗಳನ್ನು ದುರಸ್ತಿಗೆ ಮುಚ್ಚುತ್ತಾರೆ, ಬೇಸಿಗೆಯಲ್ಲಿ ಮಳೆ ಕೈಕೊಟ್ಟರೆ ನೀರಿನ ಕೊರತೆಯಿಂದ ನಿರ್ಬಂಧ ಬರುತ್ತದೆ. ಹೊರಡುವ ವಾರ ಟ್ರಸ್ಟ್‌ನ ಜಾಲತಾಣದಲ್ಲಿ ಯಾವ ಲಾಕ್ ಮುಚ್ಚಿದೆ ಎಂಬ ಸೂಚನೆಗಳನ್ನು ನೋಡಿಕೊಳ್ಳಿ.

ದೋಣಿ ಒಪ್ಪಿಸುವಾಗ ಕಂಪನಿಯವರು ಎಲ್ಲವನ್ನೂ ತೋರಿಸಿಕೊಡುತ್ತಾರೆ. ಆಗ ತಲೆಯಾಡಿಸಿ ಮುಗಿಸಬೇಡಿ. ಚುಕ್ಕಾಣಿಯನ್ನು ನೀವೇ ಹಿಡಿದು ನೋಡಿ, ಪ್ರೊಪೆಲರ್‌ಗೆ ಸಿಕ್ಕಿಕೊಂಡ ಕಸ ತೆಗೆಯುವ ಮುಚ್ಚಳ ಎಲ್ಲಿದೆ ಎಂದು ಕೇಳಿ, ಮುಂದಿನ ದೀಪ ಹಚ್ಚಿಸಿ ನೋಡಿ. ಲೈಫ್ ಜಾಕೆಟ್ ಎಲ್ಲರಿಗೂ ಕೇಳಿ ಪಡೆಯಿರಿ. ಅಮ್ಮಂದಿರಿಗೆ ಒಂದು ಮಾತು: ಲಾಕ್ ಕೆಲಸ ಮಾಡುವ ದಿನ ಸೀರೆ, ದುಪಟ್ಟಾ ಬೇಡ. ಹಲ್ಲುಚಕ್ರಗಳ ಪಕ್ಕದಲ್ಲೇ ನಿಲ್ಲಬೇಕಾಗುತ್ತದೆ, ಸೆರಗು ಸಿಕ್ಕಿಕೊಂಡರೆ ಕಷ್ಟ. ಪ್ಯಾಂಟು, ಜಾರದ ರಬ್ಬರ್ ಅಟ್ಟೆಯ ಶೂ, ಮಳೆಕೋಟು ಇಷ್ಟು ಸಾಕು. ಅಡುಗೆಗೆ ಗ್ಯಾಸ್ ಒಲೆ ಇರುತ್ತದೆ. ಆದರೂ ಲಾಕ್ ಸಾಲು ಹತ್ತುವಾಗ ಒಲೆಯ ಮುಂದೆ ನಿಲ್ಲಲು ಒಬ್ಬರಿಗೂ ಬಿಡುವಿರುವುದಿಲ್ಲ. ಬೆಳಿಗ್ಗೆಯೇ ಚಿತ್ರಾನ್ನವನ್ನೋ ಪುಳಿಯೋಗರೆಯನ್ನೋ ಕಲೆಸಿಟ್ಟುಕೊಳ್ಳುವುದು ಜಾಣತನ.

ಚುಕ್ಕಾಣಿ ಹಿಡಿಯುವುದು

ಚಾಲಕ ನಿಲ್ಲುವುದು ದೋಣಿಯ ಕಟ್ಟಕಡೆಯಲ್ಲಿ. ಮುಂದೆ ಐವತ್ತೈದು ಅಡಿ ಉಕ್ಕು ಚಾಚಿಕೊಂಡಿರುತ್ತದೆ. ಎತ್ತಿನ ಗಾಡಿಯನ್ನು ಹಿಂದೆ ನಿಂತು ತಳ್ಳುತ್ತಾ ದಾರಿ ಹಿಡಿಸಿದ ಹಾಗೆ ಮೊದಲ ಅರ್ಧ ಗಂಟೆ ಅನಿಸುತ್ತದೆ. ಚುಕ್ಕಾಣಿಯನ್ನು ಎಡಕ್ಕೆ ತಳ್ಳಿದರೆ ದೋಣಿಯ ಮೂತಿ ಬಲಕ್ಕೆ ಹೋಗುತ್ತದೆ, ಬಲಕ್ಕೆ ತಳ್ಳಿದರೆ ಎಡಕ್ಕೆ. ತಿರುಗುವಾಗ ಮೂತಿ ಒಂದು ಕಡೆ ಹೋದರೆ ಹಿಂಬದಿ ಇನ್ನೊಂದು ಕಡೆ ಬೀಸುತ್ತದೆ. ಪ್ರೊಪೆಲರ್ ನೀರನ್ನು ಹಿಂದಕ್ಕೆ ತಳ್ಳುತ್ತಿದ್ದರೆ ಮಾತ್ರ ಚುಕ್ಕಾಣಿ ಮಾತು ಕೇಳುತ್ತದೆ. ಗಾಬರಿಯಾಗಿ ಎಂಜಿನ್ ನಿಧಾನಿಸಿದರೆ ತಿರುಗುವ ಶಕ್ತಿಯೂ ಹೋಗುತ್ತದೆ. ಬ್ರೇಕ್ ಇಲ್ಲ. ನಿಲ್ಲಿಸಲು ರಿವರ್ಸ್ ಹಾಕಬೇಕು, ರಿವರ್ಸ್‌ನಲ್ಲಿ ದೋಣಿ ತನಗಿಷ್ಟ ಬಂದ ಕಡೆ ಮೂತಿ ತಿರುಗಿಸುತ್ತದೆ.

ರಸ್ತೆಯಲ್ಲಿ ಅಲ್ಲೂ ನಮ್ಮಂತೆ ಎಡಬದಿ, ನೀರಿನಲ್ಲಿ ಮಾತ್ರ ಬಲಬದಿ. ಎದುರಿಗೆ ದೋಣಿ ಬಂದರೆ ಇಬ್ಬರೂ ಬಲಕ್ಕೆ ಸರಿಯಬೇಕು. ಹಾಗೆಂದು ದಡಕ್ಕೆ ತೀರಾ ಒತ್ತಿಕೊಳ್ಳಬೇಡಿ, ಅಂಚಿನಲ್ಲಿ ನೀರು ಆಳವಿರುವುದಿಲ್ಲ. ವೇಗದ ಮಿತಿ ಗಂಟೆಗೆ 4 ಮೈಲಿ, ಆರು ಕಿಲೋಮೀಟರಿಗಿಂತ ಸ್ವಲ್ಪ ಹೆಚ್ಚು. ಹಿಂದೆ ಅಲೆ ಎದ್ದು ದಡಕ್ಕೆ ಬಡಿಯುತ್ತಿದ್ದರೆ ಅದೂ ಜಾಸ್ತಿಯಾಯಿತು ಎಂದೇ ಅರ್ಥ. ದಡದಲ್ಲಿ ಕಟ್ಟಿದ ದೋಣಿಗಳ ಪಕ್ಕ ಹಾಯುವಾಗ ಇನ್ನೂ ನಿಧಾನಿಸಬೇಕು. ಅವುಗಳಲ್ಲಿ ಎಷ್ಟೋ ಜನರ ಮನೆ. ನಿಮ್ಮ ಸೆಳೆತಕ್ಕೆ ಅವರ ಗೂಟ ಕಿತ್ತುಬರಬಹುದು, ಒಲೆಯ ಮೇಲಿನ ಪಾತ್ರೆ ಉರುಳಬಹುದು. ಇದೊಂದನ್ನು ಪಾಲಿಸಿದರೆ ದಾರಿಯುದ್ದಕ್ಕೂ ಜನ ಕೈ ಬೀಸಿ ಮಾತಾಡಿಸುತ್ತಾರೆ.

ಕಾಸ್‌ಗ್ರೋವ್‌ಗೆ ಮುಂಚೆ ಕಾಲುವೆ ಗ್ರೇಟ್ ಊಸ್ ನದಿಯನ್ನು ಮೇಲಿನಿಂದ ದಾಟುತ್ತದೆ. ಇಲ್ಲಿ ಮೊದಲು ಕಟ್ಟಿದ್ದ ಮೇಲ್ಗಾಲುವೆ 1808ರಲ್ಲಿ ಕುಸಿದುಬಿತ್ತು. 1811ರಲ್ಲಿ ಎರಕದ ಕಬ್ಬಿಣದ ತೊಟ್ಟಿಯನ್ನು ಕೂರಿಸಿದರು. ನದಿಯ ನಡುವೆ ಒಂದೇ ಕಲ್ಲಿನ ಕಂಬ, ಅದರ ಮೇಲೆ ನೀರು ತುಂಬಿದ ಕಬ್ಬಿಣದ ದೋಣಿದಾರಿ. ಇನ್ನೂರು ವರ್ಷ ದಾಟಿಯೂ ಅದೇ ತೊಟ್ಟಿಯಲ್ಲಿ ನಾವು ತೇಲಿಕೊಂಡು ಹೋಗುತ್ತೇವೆ, ಕೆಳಗೆ ನದಿ ತನ್ನ ಪಾಡಿಗೆ ಅಡ್ಡ ಹರಿಯುತ್ತಿರುತ್ತದೆ. ದಾಟಿದ ಮೇಲೆ ಸಿಗುವ ಕಾಸ್‌ಗ್ರೋವ್ ಲಾಕ್ ಒಂದು ಮೀಟರ್‌ನಷ್ಟು ಮಾತ್ರ ಮೇಲೇರಿಸುತ್ತದೆ, ಕಲಿಯಲು ಹೇಳಿ ಮಾಡಿಸಿದ್ದು. ಇಲ್ಲಿ ಸಾವಕಾಶವಾಗಿ ಪ್ರತಿಯೊಬ್ಬರೂ ಒಮ್ಮೆ ತೂಬು ಎತ್ತಿ ಇಳಿಸಲಿ. ಮುಂದೆ ಐದು ಮೈಲಿಯಷ್ಟು ಲಾಕ್ ಇಲ್ಲದ ದಾರಿ, ಎರಡೂ ಕಡೆ ಹೊಲ, ಕುರಿಮಂದೆ, ಹಾಥಾರ್ನ್ ಬೇಲಿ. ಪಕ್ಕದ ಗ್ರಾಫ್ಟನ್ ರೀಜಿಸ್ ಹಳ್ಳಿಯ ಎಲಿಜಬೆತ್ ವುಡ್‌ವಿಲ್‌ಳನ್ನು ದೊರೆ ನಾಲ್ಕನೇ ಎಡ್ವರ್ಡ್ 1464ರಲ್ಲಿ ಗುಟ್ಟಾಗಿ ಮದುವೆಯಾಗಿದ್ದ. ಇಂಗ್ಲೆಂಡಿನ ಇತಿಹಾಸ ಓದಿದವರಿಗೆ ಈ ಹೊಲಗಳ ನಡುವೆ ಹಾಯುವುದು ಇನ್ನಷ್ಟು ಖುಷಿ ಕೊಡುತ್ತದೆ.

ಲಾಕ್ ಒಳಗೆ

ಲಾಕ್ ಎಂದರೆ ಕಾಲುವೆಗೆ ಕಟ್ಟಿದ ಮೆಟ್ಟಿಲು. ಕಲ್ಲು ಇಟ್ಟಿಗೆಯ ಉದ್ದನೆಯ ತೊಟ್ಟಿ, ಎರಡು ತುದಿಗೂ ಗೇಟು. ಕೆಳಗಿನ ಗೇಟಿನಿಂದ ದೋಣಿ ಒಳಗೆ ಬರುತ್ತದೆ, ಆ ಗೇಟು ಮುಚ್ಚುತ್ತೇವೆ, ಮೇಲಿನ ತೂಬು ಎತ್ತಿ ನೀರು ತುಂಬಿಸುತ್ತೇವೆ, ನೀರಿನ ಜೊತೆಗೆ ದೋಣಿಯೂ ಏರುತ್ತದೆ, ಮೇಲಿನ ಗೇಟು ತೆರೆದು ಹೊರಡುತ್ತೇವೆ. ಪಂಪ್ ಇಲ್ಲ, ಮೋಟಾರ್ ಇಲ್ಲ. ಮೇಲಿನಿಂದ ಕೆಳಗೆ ಹರಿಯುವ ನೀರಿನ ಸ್ವಭಾವವೇ ಎಲ್ಲ ಕೆಲಸ ಮಾಡುತ್ತದೆ.

ಸ್ಟೋಕ್ ಬ್ರೂಅರ್ನ್‌ನಲ್ಲಿ ಇಂಥ ಏಳು ಲಾಕ್ ಒಂದರ ಹಿಂದೊಂದು ಸೇರಿ ದೋಣಿಯನ್ನು 56 ಅಡಿ, ಸುಮಾರು 17 ಮೀಟರ್ ಮೇಲಕ್ಕೆ ಏರಿಸುತ್ತವೆ. ಈ ಲಾಕ್‌ಗಳ ಅಗಲ 14 ಅಡಿ, ಎರಡು ನ್ಯಾರೋಬೋಟ್ ಅಕ್ಕಪಕ್ಕ ನಿಲ್ಲುತ್ತವೆ. ಒಂದು ಸಲ ತುಂಬಲು ಸುಮಾರು ಎರಡೂವರೆ ಲಕ್ಷ ಲೀಟರ್ ನೀರು ಬೇಕು. ಆದ್ದರಿಂದ ಹಿಂದೆ ಇನ್ನೊಂದು ದೋಣಿ ಬರುತ್ತಿದ್ದರೆ ಕಾಯಿರಿ, ಜೋಡಿಯಾಗಿ ಏರಿ. ಎರಡು ದೋಣಿಗೆ ಒಂದೇ ನೀರು ಸಾಕಾಗುತ್ತದೆ, ಕೈಗಳೂ ಇಮ್ಮಡಿಯಾಗುತ್ತವೆ. ಅನುಭವಸ್ಥರು ಸಿಕ್ಕಿದರಂತೂ ಆ ದಿನದ ಮೇಷ್ಟ್ರು ಅವರೇ. ಕಾವೇರಿ ನೀರಿನ ಲೆಕ್ಕ ಕೇಳುತ್ತಾ ಬೆಳೆದ ನಮಗೆ, ತುಂಬಿದ ಲಾಕ್ ಒಂದನ್ನು ಸುಮ್ಮನೆ ಬರಿದು ಮಾಡಿದರೆ ಏನು ನಷ್ಟ ಎಂದು ವಿವರಿಸಬೇಕಾಗಿಲ್ಲ. ಮೇಲಿನಿಂದ ದೋಣಿ ಬರುತ್ತಿದ್ದು ಲಾಕ್ ಅವರಿಗೆ ಅನುಕೂಲವಾಗಿ ತುಂಬಿದ್ದರೆ, ಅವರು ಇಳಿಯುವ ತನಕ ಕಾಯುವುದು ಇಲ್ಲಿನ ಮರ್ಯಾದೆ.

ತೂಬು ಎತ್ತಲು ವಿಂಡ್ಲಸ್ ಎಂಬ ಕಬ್ಬಿಣದ ಹಿಡಿ ಕೊಡುತ್ತಾರೆ, ಮೊಣಕೈಯಂತೆ ಬಾಗಿದ್ದು, ಮೊಳದುದ್ದಕ್ಕೂ ಕಡಿಮೆ. ಅದನ್ನು ಹಲ್ಲುಚಕ್ರದ ಚೌಕ ಮೊಳೆಗೆ ಸಿಕ್ಕಿಸಿ ತಿರುಗಿಸಿದರೆ ಹಲ್ಲುಪಟ್ಟಿ ಟಕ್ ಟಕ್ ಎಂದು ಮೇಲೇಳುತ್ತದೆ, ನೀರಿನಡಿಯಲ್ಲಿ ತೂಬಿನ ಹಲಗೆ ಸರಿಯುತ್ತದೆ. ಪ್ರತಿ ಹಲ್ಲಿಗೂ ಒಂದು ಕೊಕ್ಕೆ ಬಿದ್ದು ಹಲಗೆ ವಾಪಸು ಜಾರದಂತೆ ತಡೆಯುತ್ತದೆ. ಎತ್ತಿಯಾದ ಕೂಡಲೇ ಕೊಕ್ಕೆ ಸರಿಯಾಗಿ ಕೂತಿದೆಯೇ ನೋಡಿ ವಿಂಡ್ಲಸ್ ತೆಗೆದು ಕೈಯಲ್ಲಿ ಇಟ್ಟುಕೊಳ್ಳಿ. ಅದನ್ನು ಮೊಳೆಯಲ್ಲೇ ಬಿಟ್ಟಾಗ ಕೊಕ್ಕೆ ಜಾರಿದರೆ ಗಿರ್ರನೆ ತಿರುಗಿ ಕೈಮೂಳೆ ಮುರಿಯುತ್ತದೆ. ಇದು ಉತ್ಪ್ರೇಕ್ಷೆಯಲ್ಲ.

ಮೇಲಿನ ತುದಿಯಲ್ಲಿ ಎರಡು ಬಗೆಯ ತೂಬುಗಳಿರುತ್ತವೆ. ಒಂದು ದಡದೊಳಗಿನ ಮೋರಿಯಿಂದ ನೀರನ್ನು ತೊಟ್ಟಿಯ ತಳಕ್ಕೆ ಬಿಡುವಂಥದು, ಇನ್ನೊಂದು ಗೇಟಿನ ಮೈಯಲ್ಲೇ ಇರುವಂಥದು. ಯಾವತ್ತೂ ದಡದ ತೂಬೇ ಮೊದಲು, ಅದೂ ಅರ್ಧ. ಗೇಟಿನ ತೂಬನ್ನು ಮೊದಲೇ ಎತ್ತಿದರೆ ನೀರು ಅಬ್ಬಿಯಂತೆ ಧುಮುಕಿ ದೋಣಿಯ ಮುಂಭಾಗಕ್ಕೆ ಸುರಿಯುತ್ತದೆ, ದೋಣಿ ಮುಳುಗಿದ ಉದಾಹರಣೆಗಳೂ ಇವೆ. ತೊಟ್ಟಿ ಅರ್ಧಕ್ಕೂ ಹೆಚ್ಚು ತುಂಬಿ ಗೇಟಿನ ತೂಬಿನ ಕಿಂಡಿ ನೀರಿನಡಿ ಮುಚ್ಚಿದ ಮೇಲೆ ಅದರ ಸರದಿ. ದೋಣಿ ಒಂಟಿಯಾಗಿದ್ದರೆ, ದೋಣಿ ನಿಂತಿರುವ ಬದಿಯ ದಡದ ತೂಬನ್ನು ಮೊದಲು ಎತ್ತಿ. ನೀರು ದೋಣಿಯ ಅಡಿಯಿಂದ ಹಾದು ಎದುರು ಗೋಡೆಗೆ ಬಡಿದು ಮರಳಿ, ದೋಣಿಯನ್ನು ಇದ್ದ ಗೋಡೆಗೇ ಒತ್ತಿ ಹಿಡಿಯುತ್ತದೆ. ಇನ್ನೊಂದು ಬದಿಯದನ್ನು ಎತ್ತಿದರೆ ದೋಣಿ ತೊಟ್ಟಿಯೊಳಗೆ ಅತ್ತಿತ್ತ ಬಡಿದಾಡುತ್ತದೆ.

ಚುಕ್ಕಾಣಿಯವರು ಮೇಲಿನ ಗೇಟಿಗೆ ಮೂತಿ ತಾಗದಂತೆ ಹಿಂದೆ ಉಳಿಯಬೇಕು. ಗೇಟಿನ ಅಡ್ಡಪಟ್ಟಿಗೆ ಮೂತಿ ಸಿಕ್ಕಿಕೊಂಡರೆ ನೀರು ಏರಿದಂತೆ ಮುಂಭಾಗ ಒಳಗೇ ಅದುಮಿಹೋಗುತ್ತದೆ. ದೋಣಿಯ ನಡುವಿನ ಹಗ್ಗವನ್ನು ದಡದ ಮೋಟು ಕಂಬಕ್ಕೆ ಒಂದು ಸುತ್ತು ಹಾಕಿ ತುದಿಯನ್ನು ಕೈಯಲ್ಲೇ ಹಿಡಿದುಕೊಳ್ಳಿ, ದೋಣಿ ಏರಿದಂತೆ ಸಡಿಲವಾದದ್ದನ್ನು ಎಳೆದುಕೊಳ್ಳುತ್ತಾ ಬನ್ನಿ. ಗಂಟು ಹಾಕಲೇಬಾರದು. ಎಂಜಿನ್ ಸದ್ದು, ನೀರಿನ ಸದ್ದಿನ ನಡುವೆ "ಅಪ್ಪಾ, ಎತ್ತಲಾ?" ಎಂದು ಮಗಳು ದಡದಿಂದ ಕೂಗಿದ್ದು ದೋಣಿಯಲ್ಲಿರುವ ಅಪ್ಪನಿಗೆ "ಎತ್ತಿದೆ" ಎಂದೇ ಕೇಳಿಸಬಹುದು. ಕೈಸನ್ನೆಗಳನ್ನು ಮೊದಲೇ ಮಾತಾಡಿಕೊಂಡಿರಿ. ಅಂಗೈ ಎತ್ತಿ ಹಿಡಿದರೆ ನಿಲ್ಲಿಸು, ಎರಡೂ ಕೈ ಅಡ್ಡ ಹಾಕಿದರೆ ತಕ್ಷಣ ತೂಬು ಇಳಿಸು. ಚುಕ್ಕಾಣಿಯವರ ಸನ್ನೆ ಬರುವ ತನಕ ಯಾರೂ ತೂಬು ಮುಟ್ಟಬಾರದು.

ಆಮೇಲೆ ಕಾಯುವುದು. ನೀರು ತುಂಬುತ್ತಾ ಬಂದಂತೆ ಸುಳಿಗಳು ಇಲ್ಲವಾಗಿ ಮೈ ನಯವಾಗುತ್ತದೆ. ಗೇಟಿಗೆ ಅಳವಡಿಸಿದ ದಪ್ಪ ಮರದ ತೊಲೆಗೆ ಬೆನ್ನು ಕೊಟ್ಟು, ನೆಲದಲ್ಲಿ ಕಾಲು ಜಾರದಿರಲೆಂದೇ ಉಬ್ಬಿಸಿ ಕೂರಿಸಿದ ಇಟ್ಟಿಗೆಗೆ ಹಿಮ್ಮಡಿ ಊರಿ ಒತ್ತಿ ನಿಲ್ಲಬೇಕು. ಎರಡು ಕಡೆಯ ನೀರಿನ ಮಟ್ಟದಲ್ಲಿ ಒಂದಂಗುಲ ವ್ಯತ್ಯಾಸವಿದ್ದರೂ ನಾಲ್ಕು ಜನ ತಳ್ಳಿದರೂ ಗೇಟು ಕದಲುವುದಿಲ್ಲ. ಮಟ್ಟ ಸಮವಾದ ಗಳಿಗೆಯಲ್ಲಿ ತೊಲೆ ಬೆನ್ನಿನ ಹಿಂದೆ ಸಣ್ಣಗೆ ನಡುಗಿ ಸಡಿಲವಾಗುತ್ತದೆ, ಟನ್‌ಗಟ್ಟಲೆ ತೂಕದ ಗೇಟು ಒಬ್ಬ ಹುಡುಗಿಯ ಒತ್ತಡಕ್ಕೆ ಮೆಲ್ಲಗೆ ತೆರೆದುಕೊಳ್ಳುತ್ತದೆ. ಮಕ್ಕಳಿಗೆ ಇದನ್ನು ಮಾಡಲು ಬಿಡಿ. ನೀರಿನ ಒತ್ತಡ ಅಂದರೆ ಏನು ಎಂದು ಪುಸ್ತಕ ನೂರು ಪುಟದಲ್ಲಿ ಹೇಳುವುದನ್ನು ಆ ತೊಲೆ ಬೆನ್ನಿಗೇ ಹೇಳುತ್ತದೆ.

ಎರಡನೆಯ ಲಾಕ್ ಹೊತ್ತಿಗೆ ಕೆಲಸ ತಾನಾಗಿ ಹಂಚಿಕೆಯಾಗುತ್ತದೆ. ಒಬ್ಬರು ಮುಂದೆ ನಡೆದು ಮುಂದಿನ ಲಾಕ್ ಸಿದ್ಧ ಮಾಡಲಿ, ಇಬ್ಬರು ಇದ್ದ ಲಾಕ್ ನೋಡಿಕೊಳ್ಳಲಿ, ಒಬ್ಬರು ಚುಕ್ಕಾಣಿಯಲ್ಲಿರಲಿ. ಬಿಡುವಾಗ ಹಿಂದಿನ ಗೇಟು ಮುಚ್ಚಿದೆಯೇ, ತೂಬುಗಳೆಲ್ಲ ಇಳಿದಿವೆಯೇ ನೋಡಿ. ತೂಬನ್ನು ಇಳಿಸುವಾಗಲೂ ವಿಂಡ್ಲಸ್‌ನಿಂದಲೇ ಇಳಿಸಿ, ಧೊಪ್ಪನೆ ಬೀಳಿಸಬೇಡಿ. ಸೀಸನ್‌ನಲ್ಲಿ ಟ್ರಸ್ಟ್‌ನ ಸ್ವಯಂಸೇವಕರು ಈ ಸಾಲಿನಲ್ಲಿ ಸಹಾಯಕ್ಕೆ ಇರುತ್ತಾರೆ, ಸಂಕೋಚವಿಲ್ಲದೆ ಕೇಳಿ. ದೋಣಿಯಿಂದ ದಡಕ್ಕೆ ಹಾರುವುದು, ದೋಣಿ ಗೋಡೆಗೆ ತಾಗುತ್ತಿದೆ ಎಂದು ಕಾಲು ಕೊಡುವುದು ಎರಡೂ ನಿಷಿದ್ಧ. ದೋಣಿಯ ತೂಕ ಹದಿನೈದು ಟನ್ ಆಸುಪಾಸು. ಉಕ್ಕು ಗೋಡೆಗೆ ತಾಗಿದರೆ ಬಣ್ಣ ಹೋಗುತ್ತದೆ ಅಷ್ಟೆ, ನಡುವೆ ಕಾಲಿದ್ದರೆ ಕಾಲೇ ಹೋಗುತ್ತದೆ.

ಮೇಲಿನ ಲಾಕ್ ಪಕ್ಕ ಬಳಕೆಯಲ್ಲಿಲ್ಲದ ಇನ್ನೊಂದು ತೊಟ್ಟಿ ಕಾಣುತ್ತದೆ. ದೋಣಿಗಳ ಸಾಲು ಕರಗಲೆಂದು 1835ರ ಸುಮಾರಿಗೆ ಇಲ್ಲಿ ಜೋಡಿ ಲಾಕ್‌ಗಳನ್ನು ಕಟ್ಟಿದ್ದರು, ಆಮೇಲೆ ಒಂದು ಸಾಲನ್ನು ಕೈಬಿಟ್ಟರು. ಆ ತೊಟ್ಟಿಯಲ್ಲಿ ಈಗ ದೋಣಿ ತೂಗುವ ಹಳೆಯ ತಕ್ಕಡಿ ಇಟ್ಟಿದ್ದಾರೆ.

ಮಧ್ಯಾಹ್ನ ದೋಣಿ ಕಟ್ಟಿ ಇಳಿಯುವ ಜಾಗ ಇದೇ. ಹಳೆಯ ಹಿಟ್ಟಿನ ಗಿರಣಿಯಲ್ಲಿ 1963ರಲ್ಲಿ ಶುರುವಾದ ಕಾಲುವೆ ವಸ್ತುಸಂಗ್ರಹಾಲಯ ಇಲ್ಲಿದೆ. ಬಣ್ಣದ ಡಬ್ಬಿ, ಕಸೂತಿ ಟೋಪಿ, ಎಂಜಿನ್‌ಗಳ ನಡುವೆ ನನ್ನನ್ನು ಹಿಡಿದು ನಿಲ್ಲಿಸುವುದು ಸಿಸ್ಟರ್ ಮೇರಿ ವಾರ್ಡ್ ಎಂಬಾಕೆಯ ಕಥೆ. ದೋಣಿಯ ಸಂಸಾರಗಳಿಗೆ ನಿಂತ ನೆಲವಿರಲಿಲ್ಲ, ಮಕ್ಕಳಿಗೆ ಶಾಲೆ ಇಲ್ಲ, ಹೆರಿಗೆಗೆ ಆಸ್ಪತ್ರೆ ಇಲ್ಲ. ಈಕೆ ಕಾಲುವೆ ಪಕ್ಕದ ತನ್ನ ಮನೆಯಲ್ಲೇ ಔಷಧಿ ಇಟ್ಟುಕೊಂಡು ಹಾದುಹೋಗುವ ದೋಣಿಯವರಿಗೆಲ್ಲ ದಶಕಗಳ ಕಾಲ ದಾದಿಯಾಗಿದ್ದಳು. ಬ್ರಿಟಿಷ್ ಎಂಪೈರ್ ಮೆಡಲ್ ಆಕೆಗೆ ಸಂದಿತು. ಈ ಚಂದದ ದೋಣಿಗಳ ಹಿಂದೆ ಎಂಥ ಬಡತನವಿತ್ತು ಎಂಬುದು ಇಲ್ಲಿಗೆ ಬಂದರೆ ತಿಳಿಯುತ್ತದೆ. ಒಂದು ಗಂಟೆಯನ್ನಾದರೂ ಇದಕ್ಕೆ ಕೊಡಿ.

ಸುರಂಗದೊಳಗೆ

ಹಳ್ಳಿಯಿಂದ ಅರ್ಧ ಮೈಲಿ ಹೋದರೆ ಬ್ಲಿಸ್‌ವರ್ತ್ ಸುರಂಗದ ಬಾಯಿ. ಉದ್ದ 2,813 ಮೀಟರ್. ಮಂಡ್ಯದ ಕಡೆಯವರು ವಿಶ್ವೇಶ್ವರಯ್ಯ ನಾಲೆಯ ಹುಲಿಕೆರೆ ಸುರಂಗವನ್ನು ಬಲ್ಲರು. ಅದು ಗದ್ದೆಗೆ ನೀರು ಹರಿಸಲು ಕೊರೆದದ್ದು. ಇದು ಸರಕಿನ ದೋಣಿಗಳಿಗಾಗಿ, ಕೈಗುದ್ದಲಿ, ಸಿಡಿಮದ್ದುಗಳಿಂದ ತೋಡಿದ್ದು. 1793ರಲ್ಲಿ ಶುರುಮಾಡಿದ ಮೊದಲ ಸುರಂಗಕ್ಕೆ ನೀರು ನುಗ್ಗಿ ಕೆಲಸ ಕೈಬಿಡಬೇಕಾಯಿತು. ಬೇರೆ ಜಾಡಿನಲ್ಲಿ ಮತ್ತೆ ತೋಡಿ 1805ರ ಮಾರ್ಚ್‌ನಲ್ಲಿ ತೆರೆದರು. ಅಷ್ಟು ದಿನ ಲಂಡನ್‌ಗೆ ಹೋಗುವ ಸರಕನ್ನು ಗುಡ್ಡದ ಈ ಕಡೆ ಇಳಿಸಿ, ಕಂಬಿಯ ಮೇಲೆ ಕುದುರೆಗಾಡಿಯಲ್ಲಿ ಸಾಗಿಸಿ, ಆ ಕಡೆ ಮತ್ತೆ ದೋಣಿಗೆ ತುಂಬುತ್ತಿದ್ದರು.

ಸುರಂಗದೊಳಗೆ ಕುದುರೆ ನಡೆಯುವ ಹಾದಿ ಇಲ್ಲ. ಕುದುರೆಯನ್ನು ಗುಡ್ಡದ ಮೇಲಿನಿಂದ ನಡೆಸಿಕೊಂಡು ಹೋಗುತ್ತಿದ್ದರು. ದೋಣಿಯ ಮುಂಭಾಗದಲ್ಲಿ ಅಡ್ಡ ಹಲಗೆ ಹಾಕಿ ಇಬ್ಬರು ಅಂಗಾತ ಮಲಗಿ, ಎರಡು ಬದಿಯ ಗೋಡೆಗೆ ಕಾಲು ಒತ್ತಿ ನಡೆಯುತ್ತಾ, ಮೂರು ಕಿಲೋಮೀಟರಿಗೆ ಹತ್ತಿರದ ಕತ್ತಲನ್ನು ಹಾಗೆಯೇ ದಾಟಿಸುತ್ತಿದ್ದರು. ಅದನ್ನೇ ಕಸುಬಾಗಿ ಮಾಡುತ್ತಿದ್ದವರ ಗುಡಿಸಲು ಸುರಂಗದ ದಾರಿಯಲ್ಲಿ ಇಂದೂ ಇದೆ. ಆಮೇಲೆ ಉಗಿದೋಣಿ ಬಂತು. 1861ರ ಸೆಪ್ಟೆಂಬರ್‌ನಲ್ಲಿ ಬೀ ಎಂಬ ಉಗಿದೋಣಿ ಒಳಗಿದ್ದಾಗ, ದುರಸ್ತಿ ಕೆಲಸದಿಂದ ಗಾಳಿಯಾಟ ಕಟ್ಟಿತ್ತು. ಹೊಗೆ ತುಂಬಿ ಇಬ್ಬರು ಸತ್ತರು. ಗುಡ್ಡದ ಮೇಲೆ ಹೊಲಗಳ ನಡುವೆ ಇಂದು ಕಾಣುವ ಇಟ್ಟಿಗೆಯ ಗಾಳಿಗೋಪುರಗಳಲ್ಲಿ ಕೆಲವು ಆ ದುರಂತದ ನಂತರ ಬಂದವು.

ಒಳಗೆ ಹೋಗುವ ಮುನ್ನ ಗ್ಯಾಸ್ ಆರಿಸಿ, ಒಲೆ, ಸಿಗರೇಟು ಯಾವುದೂ ಬೇಡ. ಎಲ್ಲರೂ ಲೈಫ್ ಜಾಕೆಟ್ ತೊಡಿ. ಕೈಗೆ ಟಾರ್ಚ್ ತೆಗೆದುಕೊಳ್ಳಿ. ಬೇಸಿಗೆಯ ಮಧ್ಯಾಹ್ನವಾದರೂ ಸ್ವೆಟರ್, ಮಳೆಕೋಟು ಹಾಕಿಕೊಳ್ಳಿ. ಮುಂದಿನ ದೀಪವನ್ನು ಎದುರಿನವರ ಕಣ್ಣಿಗೆ ಕುಕ್ಕದಂತೆ ಸ್ವಲ್ಪ ಬಲಕ್ಕೆ, ಮೇಲಕ್ಕೆ ತಿರುಗಿಸಿ. ಕ್ಯಾಬಿನ್ ಒಳಗಿನ ದೀಪಗಳನ್ನೂ ಹಚ್ಚಿ ಪರದೆ ಸರಿಸಿಟ್ಟರೆ ಗೋಡೆಯ ಮೇಲೆ ಬೆಳಕು ಬಿದ್ದು ಚುಕ್ಕಾಣಿಯವರಿಗೆ ಎರಡು ಬದಿಯ ಅಂತರ ತಿಳಿಯುತ್ತದೆ. ಮುಂದಿನ ದೀಪಕ್ಕಿಂತ ಇದೇ ಹೆಚ್ಚು ಸಹಾಯಕ್ಕೆ ಬರುತ್ತದೆ. ಸುರಂಗದ ಬಾಯಲ್ಲಿ ಒಮ್ಮೆ ಉದ್ದಕ್ಕೆ ಹಾರನ್ ಬಾರಿಸಿ, ಕಪ್ಪು ಕನ್ನಡಕ ತೆಗೆಯಿರಿ. ಕತ್ತಲೆಂದರೆ ಆಗದವರು, ಮುಚ್ಚಿದ ಜಾಗದಲ್ಲಿ ಉಸಿರುಕಟ್ಟುವವರು ಮನೆಯಲ್ಲಿದ್ದರೆ ಒತ್ತಾಯ ಮಾಡಬೇಡಿ. ಕುದುರೆಗಳು ಹೋಗುತ್ತಿದ್ದ ಗುಡ್ಡದ ದಾರಿಯಲ್ಲಿ ಅವರು ಜೊತೆಗೊಬ್ಬರನ್ನು ಕರೆದುಕೊಂಡು ನಡೆದು ಬರಲಿ. ದೋಣಿಗೂ ಅವರಿಗೂ ಹೆಚ್ಚುಕಡಿಮೆ ಒಂದೇ ಹೊತ್ತು ಹಿಡಿಯುತ್ತದೆ, ಆ ಕಡೆಯ ಬಾಯಲ್ಲಿ ಸೇರಿಕೊಳ್ಳಬಹುದು.

ಸುರಂಗ ದಾಟಲು ನಲವತ್ತು ನಿಮಿಷ ಹಿಡಿಯುತ್ತದೆ. ಮೊದಲ ಐದು ನಿಮಿಷ ಕಷ್ಟ, ಕಣ್ಣು ಹೊಂದಿಕೊಂಡಿರುವುದಿಲ್ಲ, ದೋಣಿ ಗೋಡೆಯಿಂದ ಗೋಡೆಗೆ ಓಲಾಡುತ್ತದೆ. ಚುಕ್ಕಾಣಿಯನ್ನು ಜೋರಾಗಿ ತಿರುಗಿಸಿದಷ್ಟೂ ಓಲಾಟ ಹೆಚ್ಚು. ದೂರದ ಕತ್ತಲಿನಲ್ಲಿ ಒಂದು ಬಿಂದುವನ್ನು ನೋಡುತ್ತಾ, ಬೆರಳಷ್ಟೇ ಅಲುಗಿಸುತ್ತಾ ಹೋಗಿ. ಗಾಳಿಗೋಪುರಗಳ ಕೆಳಗೆ ತಣ್ಣನೆಯ ನೀರು ತೊಟ್ಟಿಕ್ಕುತ್ತದೆ, ಕೆಲವೊಮ್ಮೆ ಸುರಿಯುತ್ತದೆ. ತಲೆಯೆತ್ತಿದರೆ ಬಾವಿಯ ಬಾಯಿಯಂಥ ಬೆಳಕಿನ ಬಿಲ್ಲೆ ಒಂದು ಕ್ಷಣ ಕಂಡು ಹೋಗುತ್ತದೆ. ನಡುಭಾಗಕ್ಕೆ ಬಂದಾಗ ಹಳೆಯ ಇಟ್ಟಿಗೆ ಹೋಗಿ ನುಣುಪಾದ ಕಾಂಕ್ರೀಟ್ ಶುರುವಾಗುತ್ತದೆ, ಎಂಜಿನ್ನಿನ ಸದ್ದೂ ಬದಲಾಗುತ್ತದೆ. ಗೋಡೆ ಉಬ್ಬಿ ಅಪಾಯಕ್ಕೆ ಬಂದಿದ್ದ ಸುರಂಗವನ್ನು ವರ್ಷಗಟ್ಟಲೆ ಮುಚ್ಚಿ, ಕಾಂಕ್ರೀಟ್ ಬಳೆಗಳನ್ನು ಕೂರಿಸಿ 1984ರಲ್ಲಿ ಮತ್ತೆ ತೆರೆದರು. ಉಳಿದ ಒಂದು ಬಳೆಯನ್ನು ದಕ್ಷಿಣದ ಬಾಯಿಯ ಹತ್ತಿರ ನಿಲ್ಲಿಸಿದ್ದಾರೆ, ಒಳಹೋಗುವ ಮುಂಚೆ ನೋಡಿಕೊಳ್ಳಿ.

ಹೊಸಬರಿಗೆ ಎದೆ ಬಡಿದುಕೊಳ್ಳುವುದು ಎದುರಿನಿಂದ ದೀಪ ಕಂಡಾಗ. ಹೌದು, ಇಲ್ಲಿ ಎರಡು ನ್ಯಾರೋಬೋಟ್ ಎದುರುಬದುರಾಗಿ ಹಾಯಬಹುದು, ಆದರೆ ನಡುವೆ ಉಳಿಯುವುದು ಕೆಲವೇ ಅಂಗುಲ. ಅಗಲದ ದೋಣಿಗಳು ಟ್ರಸ್ಟ್‌ಗೆ ಮೊದಲೇ ತಿಳಿಸಿ ಬರಬೇಕು, ಆದ್ದರಿಂದ ಅವು ಎದುರಾಗುವ ಭಯವಿಲ್ಲ. ದೀಪ ಹತ್ತಿರವಿದೆಯೋ ದೂರವಿದೆಯೋ ಕತ್ತಲಲ್ಲಿ ಹೇಳಲಾಗದು, ಅದಕ್ಕೇ ಕಂಡ ಕೂಡಲೇ ವೇಗ ಇಳಿಸಿ, ಬಲಗೋಡೆಗೆ ಸರಿಯಿರಿ. ಬಲಬದಿ ಗೋಡೆಗೆ ಉಜ್ಜಿದರೆ ಉಜ್ಜಲಿ. ಎಂಜಿನ್ ನ್ಯೂಟ್ರಲ್‌ಗೆ ಹಾಕಬೇಡಿ, ನಿಧಾನವಾಗಿ ಮುಂದೆ ಸಾಗುತ್ತಲೇ ಇದ್ದರೆ ದೋಣಿ ಹಿಡಿತದಲ್ಲಿರುತ್ತದೆ. ಯಾರೂ ಕೈ ತಲೆ ಹೊರಗೆ ಹಾಕಬಾರದು. ಎರಡು ಚುಕ್ಕಾಣಿಯವರು ಕೈಕುಲುಕುವಷ್ಟು ಹತ್ತಿರ ಹಾಯುತ್ತಾರೆ, "ಹಿಂದೆ ಇನ್ನೊಂದು ದೋಣಿ ಬರ್ತಿದೆ" ಎನ್ನುವ ಸುದ್ದಿ ಕೊಡುತ್ತಾರೆ. ನಿಮ್ಮ ಮುಂದೆಯೇ ಒಂದು ದೋಣಿ ಒಳಹೊಕ್ಕಿದ್ದರೆ ಎರಡು ನಿಮಿಷವಾದರೂ ಬಿಟ್ಟು ಹೋಗಿ.

ಆ ಕಡೆ, ಮತ್ತೆ ಹಿಂದಕ್ಕೆ

ಹೊರಗೆ ಬಂದರೆ ಬ್ಲಿಸ್‌ವರ್ತ್ ಹಳ್ಳಿ, ಕಾಲುವೆ ಪಕ್ಕದ ದೊಡ್ಡ ಗಿರಣಿ ಕಟ್ಟಡ. ಅಲ್ಲಿಂದ ಒಂದು ಮೈಲಿ ಚಿಲ್ಲರೆ ಹೋದರೆ ಗೇಟನ್ ಕೂಡುದಾರಿ. ಬಲಕ್ಕೆ ಹೊರಳುವ ಕವಲು ಹದಿನೇಳು ಕಿರಿದಾದ ಲಾಕ್ ಇಳಿದು ನಾರ್ತಾಂಪ್ಟನ್‌ನಲ್ಲಿ ನೀನ್ ನದಿ ಸೇರುತ್ತದೆ. ವಾರಾಂತ್ಯದ ಬಾಡಿಗೆಯಲ್ಲಿ ಅದರ ಆಸೆ ಬೇಡ, ಇಳಿದದ್ದನ್ನು ಮತ್ತೆ ಹತ್ತಬೇಕು. ಈ ಕೂಡುದಾರಿಯಲ್ಲಿ ಉದ್ದದ ದೋಣಿಯನ್ನೂ ತಿರುಗಿಸಲು ಜಾಗವಿದೆ. ಸ್ವಲ್ಪ ದೂರದಲ್ಲಿ ದಡಕ್ಕೆ ಗೂಟ ಹೊಡೆದು ಮುಂದೆ ಹಿಂದೆ ಹಗ್ಗ ಕಟ್ಟಿ. ಹಗ್ಗವನ್ನು ನೇರವಾಗಿ ಕಟ್ಟದೆ ಓರೆಯಾಗಿ ಕಟ್ಟಿದರೆ ಹಾಯುವ ದೋಣಿಗಳ ಸೆಳೆತಕ್ಕೆ ಅಲುಗಾಟ ಕಡಿಮೆ. ಗೂಟದ ಮೇಲೆ ಬಿಳಿ ಚೀಲವನ್ನೋ ಬಟ್ಟೆಯನ್ನೋ ಕಟ್ಟಿಡಿ, ಕತ್ತಲಲ್ಲಿ ನಡೆಯುವವರು ಎಡವುವುದಿಲ್ಲ.

ಮರುದಿನ ಇದೇ ದಾರಿಯಲ್ಲಿ ಹಿಂದಿರುಗುವಾಗ ಲಾಕ್‌ಗಳನ್ನು ಇಳಿಯಬೇಕು. ಇಳಿಯುವುದು ನೋಡಲು ಸುಲಭ, ನೀರಿನ ಆರ್ಭಟವಿಲ್ಲ, ದೋಣಿ ಮೆಲ್ಲಗೆ ಕೆಳಗಿಳಿಯುತ್ತದೆ. ಆದರೆ ಏರುವಾಗ ಇಲ್ಲದ ಒಂದು ಅಪಾಯ ಇಳಿಯುವಾಗ ಇದೆ. ಮೇಲಿನ ಗೇಟಿನ ಬುಡದಲ್ಲಿ ತೊಟ್ಟಿಯೊಳಕ್ಕೆ ಚಾಚಿದ ಕಲ್ಲಿನ ಹೊಸ್ತಿಲಿದೆ. ತೊಟ್ಟಿ ತುಂಬಿದಾಗ ಅದು ಕಾಣುವುದಿಲ್ಲ. ದೋಣಿಯ ಹಿಂಬದಿ ಅದರ ಮೇಲಿದ್ದು ನೀರು ಇಳಿದರೆ, ಹಿಂಬದಿ ಹೊಸ್ತಿಲ ಮೇಲೆ ಕೂತು ಮೂತಿ ಮಾತ್ರ ಕೆಳಗಿಳಿಯುತ್ತದೆ, ನಿಮಿಷಗಳಲ್ಲಿ ದೋಣಿ ಮುಳುಗುತ್ತದೆ. ಹೊಸ್ತಿಲು ಎಲ್ಲಿಯವರೆಗಿದೆ ಎಂದು ದಡದ ಕಲ್ಲಿನ ಮೇಲೆ ಬಿಳಿ ಗೆರೆ ಎಳೆದಿರುತ್ತಾರೆ. ಚುಕ್ಕಾಣಿ ಸಹಿತ ಇಡೀ ಹಿಂಬದಿ ಆ ಗೆರೆಗಿಂತ ಮುಂದೆ ಇರಬೇಕು. ದಡದಲ್ಲಿ ಒಬ್ಬರಿಗೆ ಬೇರೆ ಯಾವ ಕೆಲಸವನ್ನೂ ಕೊಡದೆ ಆ ಗೆರೆ ನೋಡುತ್ತಾ ನಿಲ್ಲಲು ಹೇಳಿ. ಹಿಂಬದಿ ಗೆರೆಯ ಕಡೆ ಸರಿಯಿತೋ, ಹಗ್ಗ ಬಿಗಿದುಕೊಂಡಿತೋ, ಮೊದಲು ಕೆಳಗಿನ ತೂಬುಗಳನ್ನು ಇಳಿಸಿ ನೀರು ನಿಲ್ಲಿಸಿ. ದೋಣಿ ಓರೆಯಾಗಿ ಸಿಕ್ಕಿಕೊಂಡೇಬಿಟ್ಟಿದ್ದರೆ, ಕೆಳಗಿನವು ಪೂರ್ತಿ ಮುಚ್ಚಿದ ಮೇಲೆ ಮೇಲಿನ ದಡದ ತೂಬನ್ನು ನಿಧಾನವಾಗಿ ಎತ್ತಿ ತೊಟ್ಟಿಯನ್ನು ಮತ್ತೆ ತುಂಬಿಸಿ, ದೋಣಿ ತಾನಾಗಿ ತೇಲಿಕೊಳ್ಳುತ್ತದೆ. ಈ ಕ್ರಮವನ್ನು ಹೊರಡುವ ಮೊದಲೇ ಮನೆಮಂದಿಗೆಲ್ಲ ಬಾಯಿಪಾಠ ಮಾಡಿಸಿ, ಎಂಟೂ ಲಾಕ್‌ನಲ್ಲಿ ಗೆರೆ ನೋಡುವವರು ಯಾರು ಎಂದು ಮುಂಚೆಯೇ ಹೆಸರು ಹೇಳಿ ಒಪ್ಪಿಸಿ.